ಅಟ್ಲಾಂಟಾದಲ್ಲಿ ಮುಯ್ಯಾಳು: ಹ್ಯಾಬಿಟಾಟ್ ಮನೆ ಕಟ್ಟೋಕೆ ಹೋಗಬಹುದಾ?

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಇಪ್ಪತ್ತು ಜನ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು 'ಸೇವೆ'ಗೆ ಹೋಗುವುದು ರೂಢಿ. ಹೋದ ವರ್ಷ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಎಂಬ ಸೇವಾ ಸಂಸ್ಥೆಯವರ ಮನೆ ಕಟ್ಟೋ ಕೆಲಸ ಬಂತು. ಭಾರೀ ಉದ್ದೇಶ ಏನೂ ಇರಲಿಲ್ಲ, ಮನೆಯಲ್ಲಿದ್ದರೆ ಶನಿವಾರ ಪೂರ್ತಿ ಗ್ಯಾರೇಜ್ ಗುಡಿಸಬೇಕಾಗುತ್ತಿತ್ತು, ಅದಕ್ಕೇ ಹೊರಟೆ. ಆಮೇಲೆ ಆಫೀಸಿನ ಗೊಡವೆ ಇಲ್ಲದೆ ನಾನೇ ಮೂರು ಸಲ ಹೋಗಿ ಬಂದೆ. ಇಲ್ಲಿನ ಕನ್ನಡದವರು ಸಿಕ್ಕಾಗೆಲ್ಲ 'ಹೇಗಿರುತ್ತೆ, ಹೋಗಬಹುದಾ' ಅಂತ ಕೇಳುತ್ತಾರೆ, ಹಾಗಾಗಿ ಈ ರಿವ್ಯೂ.

ಮೊದಲು ಒಂದು ತಪ್ಪು ತಿಳಿವಳಿಕೆ. ಇದು ಬಡವರಿಗೆ ಪುಕ್ಕಟೆ ಮನೆ ಹಂಚುವ ಸಂಸ್ಥೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಮನೆಯನ್ನು ಅಲ್ಲಿಗೆ ಬರುವ ಕುಟುಂಬದವರೇ ಕೊಂಡುಕೊಳ್ಳುತ್ತಾರೆ, ಸಾಲ ಮಾಡಿ, ತಿಂಗಳು ತಿಂಗಳು ಕಂತು ಕಟ್ಟಿ. ಆದರೆ ಮಾರುವವರು ಲಾಭ ಇಟ್ಟುಕೊಳ್ಳಲ್ಲ, ಸಾಲಕ್ಕೆ ಬಡ್ಡಿ ಇಲ್ಲ ಅಥವಾ ತೀರಾ ಕಮ್ಮಿ, ಕಂತು ಆದಾಯದ ಮೂರನೇ ಒಂದು ಭಾಗವನ್ನು ದಾಟದ ಹಾಗೆ ನೋಡಿಕೊಳ್ಳುತ್ತಾರೆ. ಜೊತೆಗೆ ಮನೆಯವರು ಇಂತಿಷ್ಟು ಗಂಟೆ ಮೈಮುರಿದು ದುಡಿಯಬೇಕು. ಎಷ್ಟು ಅನ್ನೋದು ಊರಿಂದ ಊರಿಗೆ ಬೇರೆ, ನೂರಾರು ಗಂಟೆ ಅಂತಿಟ್ಟುಕೊಳ್ಳಿ. ಬರೀ ತಮ್ಮ ಮನೆಗಲ್ಲ, ಬೇರೆಯವರ ಮನೆಗೂ. ಇದಕ್ಕೆ ಇಂಗ್ಲಿಷಿನಲ್ಲಿ 'ಸ್ವೆಟ್ ಈಕ್ವಿಟಿ' ಅಂತಾರೆ. ನಮ್ಮ ಅಜ್ಜಿಗೆ ಹೇಳಿದ್ದರೆ 'ಓ, ಮುಯ್ಯಾಳಾ' ಅಂದುಬಿಡುತ್ತಿದ್ದರು. ಇವತ್ತು ನಿನ್ನ ಗದ್ದೆ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು.

ಬೆಳಿಗ್ಗೆ ಎಂಟಕ್ಕೇ ಜಾಗದಲ್ಲಿರಬೇಕು. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ಕೆಂಪು ಮಣ್ಣು, ಹಿಂದಿನ ರಾತ್ರಿ ಮಳೆ, ಶೂ ಎರಡು ಕೇಜಿ ಭಾರ. ಪೆಟ್ಟಾದರೆ ಹೊಣೆ ನಮ್ಮದು ಅಂತ ಸಹಿ, ತಲೆಗೆ ಹೆಲ್ಮೆಟ್, ಸೊಂಟಕ್ಕೆ ಮೊಳೆ ಚೀಲ. 16 ವರ್ಷ ತುಂಬದವರಿಗೆ ಕಟ್ಟಡದ ಹತ್ತಿರ ಪ್ರವೇಶ ಇಲ್ಲ, 18 ಆಗದವರಿಗೆ ಸೂರು ಹತ್ತೋದು, ಕರೆಂಟಿನ ಗರಗಸ ಮುಟ್ಟೋದು ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ಒಳ್ಳೇದು ಕಲಿಸೋಣ ಅಂದುಕೊಂಡವರು ಗಮನಿಸಿ.

ಇಲ್ಲಿ ಗೋಡೆ ಅಂದರೆ ಇಟ್ಟಿಗೆ ಅಲ್ಲ, ಮರ. 16 ಇಂಚಿಗೊಂದು ನಿಲುವು ಪಟ್ಟಿ. ಗೋಡೆಯ ಚೌಕಟ್ಟನ್ನು ಪೂರ್ತಿ ನೆಲದ ಮೇಲೆ ಮಲಗಿಸಿಯೇ ಮೊಳೆ ಹೊಡೆದು ಜೋಡಿಸುತ್ತಾರೆ, ಆಮೇಲೆ ಹತ್ತು ಜನ ಸಾಲಾಗಿ ನಿಂತು, ತೇರಿನ ಹಗ್ಗಕ್ಕೆ ಕೈ ಹಾಕಿದ ಹಾಗೆ, ಒಂದೇ ಉಸಿರಿಗೆ ಎತ್ತಿ ನಿಲ್ಲಿಸುತ್ತಾರೆ. ಆ ಗಳಿಗೆ ಇದೆಯಲ್ಲ, ಹದಿನೈದು ವರ್ಷ ಕಂಪ್ಯೂಟರ್ ಮುಂದೆ ಕೂತವನಿಗೆ ಅದು ಏನು ಅಂತ ಹೇಳೋದು ಕಷ್ಟ. ಎದುರಿಗೆ ಏನೂ ಇರಲಿಲ್ಲ, ಈಗ ಗೋಡೆ ಇದೆ. ಮೇಲ್ವಿಚಾರಣೆಗೆ ನಿವೃತ್ತಿಯಾದ ಅಜ್ಜಂದಿರು ಇದ್ದರು, ಅವರ ತಾಳ್ಮೆಗೆ ಕೈ ಮುಗಿಯಬೇಕು. ನಾನು ಹೊಡೆದ ಮೊಳೆಗಳಲ್ಲಿ ಅರ್ಧ ಸೊಟ್ಟ. ಒಬ್ಬರು ಬಂದು ಬೈಯದೆ ಕಿತ್ತು, 'ಮೊಳೆ ಬೇಕಾದಷ್ಟಿದೆ, ಹೊಡಿ' ಅಂದರು.

ನನ್ನ ಪಕ್ಕದಲ್ಲಿ ಮೊಳೆ ಹೊಡೆಯುತ್ತಿದ್ದಾಕೆಯೇ ಆ ಮನೆಗೆ ಬರುವವಳು ಅಂತ ಗೊತ್ತಾಗಿದ್ದು ಮಧ್ಯಾಹ್ನ. ಸುತ್ತಿಗೆ ನನಗಿಂತ ಚೆನ್ನಾಗಿ ಬೀಸುತ್ತಿದ್ದಳು, ಅದಕ್ಕೇ ಸಂಸ್ಥೆಯವಳೇ ಇರಬೇಕು ಅಂದುಕೊಂಡಿದ್ದೆ. ಊಟ ಮುಗಿಸಿ ಎದ್ದವಳು, ಬರೀ ಪಟ್ಟಿಗಳ ನಡುವೆ ಒಂದು ಕಡೆ ಹೋಗಿ ನಿಂತು, ಕೈಯಾಡಿಸಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ನಿಂತಳು. ಒಲೆ ಎಲ್ಲಿ, ಸಿಂಕ್ ಎಲ್ಲಿ, ಕಿಟಕಿಯಿಂದ ಏನು ಕಾಣುತ್ತೆ ಅಂತ ನೋಡುತ್ತಿದ್ದಳು. ದಾವಣಗೆರೆಯಲ್ಲಿ ನಮ್ಮಪ್ಪ ಮನೆ ಕಟ್ಟಿಸಿದಾಗ ಮೇಸ್ತ್ರಿ ಅಡುಗೆಮನೆ ಕಿಟಕಿಯನ್ನು ಪಕ್ಕದವರ ಗೋಡೆಗೆ ಎದುರಾಗಿ ಇಟ್ಟುಬಿಟ್ಟಿದ್ದ. ಅಮ್ಮನನ್ನು ಯಾರೂ ಕೇಳಿರಲಿಲ್ಲ. ಇವತ್ತಿಗೂ ಹಗಲು ಹೊತ್ತೇ ಲೈಟ್ ಹಾಕಿಕೊಂಡು ಒಗ್ಗರಣೆ ಹಾಕುತ್ತಾರೆ.

ಹೀಗೆ ಲಾಭವಿಲ್ಲದೆ, ಮುಯ್ಯಾಳಿನಲ್ಲಿ ಮನೆ ಕಟ್ಟುವ ಯೋಚನೆ ಹುಟ್ಟಿದ್ದು ಇದೇ ಜಾರ್ಜಿಯಾದಲ್ಲಿ, ದಕ್ಷಿಣಕ್ಕಿರುವ ಅಮೆರಿಕಸ್ ಎಂಬ ಸಣ್ಣ ಊರಿನ ಹತ್ತಿರ. ಅಲ್ಲಿ ಕೊಯಿನೋನಿಯಾ ಅಂತ ಒಂದು ತೋಟ ಇದೆ. ಕರಿಯರು, ಬಿಳಿಯರು ಒಟ್ಟಿಗೆ ಬಾಳುತ್ತಾರೆ ಅನ್ನೋ ಕಾರಣಕ್ಕೆ 1950ರ ದಶಕದಲ್ಲಿ ಸುತ್ತಲಿನವರು ಅದಕ್ಕೆ ಬಹಿಷ್ಕಾರ ಹಾಕಿದ್ದರು, ಗುಂಡು ಹಾರಿಸಿದ್ದೂ ಉಂಟು. ಊರಲ್ಲಿ ಯಾರೂ ವ್ಯಾಪಾರ ಮಾಡದಿದ್ದಾಗ ಪೀಕನ್ ಬೀಜವನ್ನು ಅಂಚೆಯಲ್ಲಿ ಮಾರಿ ಬದುಕಿಕೊಂಡರು. ಮಿಲಾರ್ಡ್ ಫುಲ್ಲರ್ ಮತ್ತು ಅವರ ಹೆಂಡತಿ ಲಿಂಡಾ, ದುಡಿದ ಆಸ್ತಿಯನ್ನೆಲ್ಲ ಕೊಟ್ಟುಬಿಟ್ಟು ಬಂದಿದ್ದು ಅಲ್ಲಿಗೆ. ಅವರಿಂದಲೇ 1976ರಲ್ಲಿ ಹ್ಯಾಬಿಟಾಟ್ ಶುರುವಾಯಿತು. ಪಕ್ಕದೂರಿನವರಾದ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಿಂದ ಸುತ್ತಿಗೆ ಹಿಡಿದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. 2006ರಲ್ಲಿ ನಮ್ಮ ಲೋನಾವಳಾ ಹತ್ತಿರವೂ ಬಂದು 100 ಮನೆ ಎಬ್ಬಿಸುವ ಕೆಲಸಕ್ಕೆ ನಿಂತಿದ್ದರು. 95ನೇ ವಯಸ್ಸಿನಲ್ಲಿ ಬಿದ್ದು ಹಣೆಗೆ 14 ಹೊಲಿಗೆ ಬಿದ್ದಿದ್ದರೂ ನ್ಯಾಶ್‌ವಿಲ್ ಕೆಲಸಕ್ಕೆ ಹಾಜರ್. ನಾನು ಹೆಬ್ಬೆರಳು ಜಜ್ಜಿಕೊಂಡು ಅರ್ಧ ಗಂಟೆ ಐಸ್ ಇಟ್ಟುಕೊಂಡು ಕೂತಿದ್ದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕತ್ತರಿಸಿದ್ದು ನಮ್ಮ ಟೀ ಶರ್ಟ್ ಗುಂಪಿಗೆ. ಹತ್ತು ನಿಮಿಷ ಕೆಲಸ, ಇಪ್ಪತ್ತು ನಿಮಿಷ ಫೋಟೋ. ನಿಜ ಹೇಳಬೇಕೆಂದರೆ ಒಂದು ದಿನಕ್ಕೆ ಬರುವ ನಮ್ಮಂಥವರಿಂದ ಮನೆ ಏಳಲ್ಲ. ವೈರಿಂಗ್, ಪ್ಲಂಬಿಂಗ್‌ಗೆಲ್ಲ ಲೈಸೆನ್ಸ್ ಇರುವವರೇ ಬೇಕು. ಕಂಪನಿಗಳು ಕೊಡುವ ದುಡ್ಡು, ವಾರವಾರ ಬರುವ ಆ ಅಜ್ಜಂದಿರು, ಗಂಟೆ ಎಣಿಸಿಕೊಂಡು ದುಡಿಯುವ ಮನೆಯವರು, ಇವರಿಂದ ಏಳುತ್ತೆ. ಹಾಗಾಗಿ ಹೋಗುವುದಾದರೆ ಒಂದು ಸಲಕ್ಕೆ ನಿಲ್ಲಿಸಬೇಡಿ, ಎರಡನೇ ಸಲಕ್ಕೆ ಮೊಳೆ ನೆಟ್ಟಗಾಗುತ್ತೆ. ಸುತ್ತಿಗೆ ಆಗಲ್ಲ ಅನ್ನೋರಿಗೆ ಅವರದೇ ರಿಸ್ಟೋರ್ ಅಂಗಡಿ ಇದೆ, ದಾನ ಬಂದ ಬಾಗಿಲು, ಕಪಾಟು, ಟೈಲ್ಸ್ ಮಾರುತ್ತಾರೆ, ಅಲ್ಲೂ ಜನ ಬೇಕು.

ಮಧ್ಯಾಹ್ನಕ್ಕೆ ಡಬ್ಬಿ ಕಟ್ಟಿಕೊಂಡು ಹೋಗಿ, ಸಸ್ಯಾಹಾರಿಗಳಿಗೆ ಅದೇ ವಾಸಿ. ನಾನು ಚಿತ್ರಾನ್ನ ಜಾಸ್ತಿ ಒಯ್ಯುತ್ತೇನೆ, ಆ ಅಜ್ಜಂದಿರಿಗೆ ಈಗ ಕಡಲೆಬೀಜದ ರುಚಿ ಹತ್ತಿದೆ.