ಹಾನಿಗೊಂಡ ನರಕೋಶಗಳ ಸ್ಲೈಡ್ ಪೆಟ್ಟಿಗೆ: ಪೆಟ್ಟಿನ ಭಾಗ ಸಮೃದ್ಧ, ವಿಷದ ಭಾಗ ಸೊರಗಿದೆ

ಪೆಟ್ಟು ಬಿದ್ದಾಗ ಅಥವಾ ವಿಷ ತಗುಲಿದಾಗ ನರಕೋಶದ ರಚನೆ ಹೇಗೆ ಬದಲಾಗುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಲಿಸಲೆಂದು ಸಿದ್ಧಪಡಿಸಿದ ಗಾಜಿನ ಸ್ಲೈಡ್‌ಗಳ ಪೆಟ್ಟಿಗೆ ಇದು. ನರ ಕತ್ತರಿಸಿದಾಗ ಮತ್ತು ರಕ್ತ ಸಂಚಾರ ನಿಂತಾಗ ಕಾಣುವ ಬದಲಾವಣೆಗಳು ಮೊದಲ ವಿಭಾಗದಲ್ಲಿವೆ. ವಿಷವಸ್ತುಗಳ ಪರಿಣಾಮಗಳು ಎರಡನೆಯದರಲ್ಲಿವೆ. ಹಾನಿ ಯಾವಾಗ ಆಯಿತು, ಎಷ್ಟು ಹೊತ್ತಿನ ಬಳಿಕ ಅಂಗಾಂಶವನ್ನು ತೆಗೆಯಲಾಯಿತು ಎಂಬ ಮಾಹಿತಿ ಇಲ್ಲದೆ ಇಂತಹ ಸ್ಲೈಡ್ ಅರ್ಧ ಮಾತ್ರ ಮಾತನಾಡುತ್ತದೆ. ಮೊದಲ ವಿಭಾಗವನ್ನು ತಯಾರಿಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು, ಎರಡನೆಯದನ್ನು ತಯಾರಿಸಿದವರು ಮರೆತಂತಿದೆ.

ಪೆಟ್ಟಿಗೆಯ ಅತ್ಯುತ್ತಮ ಸ್ಲೈಡ್‌ಗಳು ಒಂದು ಪಕ್ಕದ ಮುಖದ ನರವನ್ನು ಕತ್ತರಿಸಿದ ಪ್ರಾಣಿಯ ಮಿದುಳುಕಾಂಡದವು. 1892ರಲ್ಲಿ ಜರ್ಮನ್ ವೈದ್ಯ ಫ್ರಾಂಜ್ ನಿಸ್ಲ್ ಮೊಲದ ಮುಖದ ನರಕ್ಕೆ ಹಾನಿ ಮಾಡಿ ವರ್ಣಿಸಿದ ಬದಲಾವಣೆಯನ್ನೇ ಇಲ್ಲಿ ನೋಡಬಹುದು. ಒಂದೇ ಛೇದದಲ್ಲಿ, ಅಂದರೆ ತೆಳುವಾಗಿ ಕತ್ತರಿಸಿದ ಅಂಗಾಂಶದ ಪದರದಲ್ಲಿ, ಒಂದು ಕಡೆ ಹಾನಿಗೊಂಡ ಕೋಶಗಳೂ ಇನ್ನೊಂದು ಕಡೆ ಹಾನಿಯಾಗದ ಕೋಶಗಳೂ ಇರುವುದರಿಂದ ಹೋಲಿಕೆಗೆ ಬೇರೆ ಸ್ಲೈಡ್ ಹುಡುಕಬೇಕಾಗಿಲ್ಲ. ಹಾನಿಯಾಗದ ಕಡೆಯ ಕೋಶಗಳಲ್ಲಿ ನಿಸ್ಲ್ ಕಣಗಳು, ಅಂದರೆ ಪ್ರೋಟೀನ್ ತಯಾರಿಸುವ ಒರಟು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಮತ್ತು ರೈಬೋಸೋಮ್‌ಗಳ ಗುಂಪುಗಳು, ದಟ್ಟ ನೀಲಿಯಾಗಿ ಕಾಣುತ್ತವೆ. ಹಾನಿಗೊಂಡ ಕಡೆ ಕೋಶದ ಒಡಲು ಉಬ್ಬಿ, ಕಣಗಳು ನಡುಭಾಗದಿಂದ ಕರಗಿಹೋಗಿ, ಕೋಶಕೇಂದ್ರ ಅಂಚಿಗೆ ಸರಿದಿರುತ್ತದೆ. ಕ್ರೊಮಟೋಲಿಸಿಸ್ ಎನಿಸಿಕೊಳ್ಳುವ ಈ ಸ್ಥಿತಿಯನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಸಾವಿನ ಲಕ್ಷಣವೆಂದೇ ಓದುತ್ತಾರೆ. ಆದರೆ ಕಡಿದುಹೋದ ಆಕ್ಸಾನನ್ನು (ಸಂಕೇತ ಒಯ್ಯುವ ಕೋಶದ ಉದ್ದನೆಯ ಎಳೆಯನ್ನು) ಮತ್ತೆ ಬೆಳೆಸಲು ಕೋಶ ತನ್ನ ಪ್ರೋಟೀನ್ ತಯಾರಿಕೆಯನ್ನು ಮಾರ್ಪಡಿಸಿಕೊಳ್ಳುತ್ತಿರುವಾಗಲೂ ಇದು ಹೀಗೆಯೇ ಕಾಣುತ್ತದೆ. ಮುಂದಿನ ವಾರಗಳ ಸ್ಲೈಡ್‌ಗಳಲ್ಲಿ ಕಣಗಳು ಮರಳಿರುವುದನ್ನು ಕ್ರಮವಾಗಿ ಜೋಡಿಸಿಟ್ಟಿರುವುದಕ್ಕೆ ತಯಾರಕರನ್ನು ಮೆಚ್ಚಲೇಬೇಕು. ಅದರ ಪಕ್ಕದಲ್ಲೇ ರಕ್ತ ಸಂಚಾರ ನಿಂತ ಮೇಲೆ ಸುಮಾರು 12ರಿಂದ 24 ಗಂಟೆಗಳಲ್ಲಿ ಕಾಣಿಸಿಕೊಳ್ಳುವ ಕೆಂಪು ನರಕೋಶಗಳನ್ನು ಇಟ್ಟಿದ್ದಾರೆ: ಕುಗ್ಗಿದ ಒಡಲು, ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಗಾಢವಾಗಿ ಹೀರಿಕೊಂಡ ಸೈಟೋಪ್ಲಾಸಮ್, ಮುದುಡಿ ಕಪ್ಪಾದ ಕೋಶಕೇಂದ್ರ. ಚೇತರಿಸಿಕೊಳ್ಳಬಲ್ಲ ಕೋಶ ಯಾವುದು, ಸತ್ತ ಕೋಶ ಯಾವುದು ಎಂಬುದನ್ನು ಈ ಎರಡು ಸ್ಲೈಡ್‌ಗಳಷ್ಟು ಸ್ಪಷ್ಟವಾಗಿ ಯಾವ ಉಪನ್ಯಾಸವೂ ಹೇಳಲಾರದು.

ಕತ್ತರಿಸಿದ ನರದ ಉದ್ದುದ್ದ ಛೇದಗಳೂ ಉತ್ತಮವಾಗಿವೆ. 1850ರಲ್ಲಿ ಇಂಗ್ಲಿಷ್ ಶರೀರಕ್ರಿಯಾ ವಿಜ್ಞಾನಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರಗಳಲ್ಲಿ ಕಂಡ ಕ್ಷಯ ಇದು. ಕೋಶದ ಒಡಲಿನಿಂದ ಬೇರ್ಪಟ್ಟ ಆಕ್ಸಾನ್ ತುಂಡುತುಂಡಾಗಿ, ಅದನ್ನು ಸುತ್ತಿದ ಕೊಬ್ಬಿನಂಶದ ಮೈಲಿನ್ ಹೊದಿಕೆ ಆಸ್ಮಿಯಮ್ ಬಣ್ಣದಲ್ಲಿ ಕಪ್ಪು ಉಂಡೆಗಳ ಸಾಲಾಗಿ ಕಾಣುತ್ತದೆ. ಈ ಅವಶೇಷಗಳನ್ನು ಮೈಲಿನ್ ತಯಾರಿಸುವ ಶ್ವಾನ್ ಕೋಶಗಳೂ ಕಸ ನುಂಗುವ ಮ್ಯಾಕ್ರೊಫೇಜ್ ಕೋಶಗಳೂ ತೆರವುಗೊಳಿಸಿದ ಮೇಲೆ ಹೊಸ ಆಕ್ಸಾನ್ ದಿನಕ್ಕೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ಮುಂದುವರಿಯುತ್ತದೆ. ಬೆನ್ನುಹುರಿಯಲ್ಲಿ ಈ ತೆರವು ಬಹಳ ನಿಧಾನ ಎಂಬುದಕ್ಕೂ ಒಂದು ಸ್ಲೈಡ್ ಇದ್ದಿದ್ದರೆ ಚೆನ್ನಾಗಿತ್ತು.

ಎರಡನೆಯ ವಿಭಾಗದಲ್ಲಿ ನಿಜವಾಗಿ ಗೆದ್ದಿರುವುದು ಮೀಥೈಲ್ ಮರ್ಕ್ಯುರಿಯ ಸ್ಲೈಡ್ ಒಂದೇ. 1956ರಲ್ಲಿ ಜಪಾನಿನ ಮಿನಾಮಾಟದಲ್ಲಿ ಗುರುತಿಸಲಾದ ಕಾಯಿಲೆಗೆ ಕಾರಣವಾದ ಈ ವಿಷ ಕಿರುಮಿದುಳಿನ ಗ್ರಾನ್ಯೂಲ್ ಕೋಶಗಳನ್ನು ಬಲಿ ತೆಗೆದುಕೊಂಡು, ಅವುಗಳ ಮೇಲೆಯೇ ಇರುವ ಪುರ್ಕಿನ್ಯೆ ಕೋಶಗಳನ್ನು ಹೆಚ್ಚುಕಡಿಮೆ ಉಳಿಸಿಬಿಡುತ್ತದೆ. ಬರಿದಾದ ಪದರದ ಮೇಲೆ ನಿಂತ ಆ ದೊಡ್ಡ ಕೋಶಗಳನ್ನು ಕಡಿಮೆ ವರ್ಧನದಲ್ಲಿಯೂ ಗುರುತಿಸಬಹುದು. ಹೆಕ್ಸೇನ್ ಎಂಬ ದ್ರಾವಕದ ಸ್ಲೈಡ್‌ನಲ್ಲಿ ನ್ಯೂರೊಫಿಲಮೆಂಟ್‌ಗಳು (ಆಕ್ಸಾನಿಗೆ ಆಧಾರವಾದ ಪ್ರೋಟೀನ್ ಎಳೆಗಳು) ತುಂಬಿ ಊದಿಕೊಂಡ ಆಕ್ಸಾನ್‌ಗಳೇನೋ ಇವೆ, ಆದರೆ ಛೇದವನ್ನು ನರದ ಯಾವ ಮಟ್ಟದಿಂದ ತೆಗೆದದ್ದೆಂದು ಚೀಟಿಯಲ್ಲಿಲ್ಲ. ಉದ್ದನೆಯ ಆಕ್ಸಾನ್‌ಗಳ ತುದಿಯ ಕಡೆಯಿಂದ ಹಾನಿ ಆರಂಭವಾಗುವ ಇಂತಹ ವಿಷದಲ್ಲಿ ಮಟ್ಟ ತಿಳಿಯದೆ ಪಾಠ ಮಾಡುವುದು ಹೇಗೆ? ಟ್ರೈಮೀಥೈಲ್ ಟಿನ್ ಎಂಬ ತವರದ ಸಂಯುಕ್ತದ ಪರಿಣಾಮ ತೋರಿಸುವ ಹಿಪ್ಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ) ಸ್ಲೈಡ್‌ನಲ್ಲಿ ದಿನದ ನಮೂದೇ ಇಲ್ಲ. ಸತ್ತ ಕೋಶಗಳು ತೆರವಾದ ಮೇಲೆ ಆಸ್ಟ್ರೋಸೈಟ್ ಎಂಬ ಆಧಾರ ಕೋಶಗಳ ಪ್ರತಿಕ್ರಿಯೆಯಷ್ಟೇ ಉಳಿಯುವುದರಿಂದ, ತಡವಾಗಿ ತೆಗೆದ ಛೇದವನ್ನು ನೋಡಿ ವಿಷ ಏನೂ ಮಾಡಲಿಲ್ಲವೆಂದು ತೀರ್ಮಾನಿಸುವ ಅಪಾಯವಿದೆ.

ಇದಕ್ಕಿಂತ ಗಂಭೀರವಾದ ಕೊರತೆ, ಹುಸಿ ಹಾನಿಯ ಮಾದರಿ ಇಲ್ಲದಿರುವುದು. ರಾಸಾಯನಿಕದಲ್ಲಿ ಸ್ಥಿರಗೊಳ್ಳುವ ಮೊದಲೇ ಮಿದುಳನ್ನು ಹೊರತೆಗೆದು ಒತ್ತಿದರೂ ನರಕೋಶಗಳು ಕುಗ್ಗಿ ಕಪ್ಪಾಗುತ್ತವೆ, ಅವುಗಳ ಡೆಂಡ್ರೈಟ್‌ಗಳು (ಸಂಕೇತ ಪಡೆಯುವ ಕವಲುಗಳು) ತಿರುಚಿಕೊಳ್ಳುತ್ತವೆ. ಇವನ್ನು ಕಪ್ಪು ನರಕೋಶಗಳೆಂದು ಕರೆಯುತ್ತಾರೆ, ಮತ್ತು ವಿಷದ ಪರಿಣಾಮವೆಂದು ತಪ್ಪಾಗಿ ವರದಿ ಮಾಡುವುದು ಹೊಸ ಸಂಗತಿಯಲ್ಲ. ಈ ವಿಭಾಗದ ಮಿದುಳು ತೊಗಟೆಯ ಒಂದು ಸ್ಲೈಡ್‌ನಲ್ಲಿ ಕಾಣುವ ಕಪ್ಪು ಕೋಶಗಳು ಅಂಥವೇ ಎಂಬ ಅನುಮಾನ ನನಗಿದೆ, ಏಕೆಂದರೆ ಅವುಗಳ ಸುತ್ತ ಗ್ಲಿಯಾ ಕೋಶಗಳ (ನರಕೋಶಗಳ ಆಧಾರ ಕೋಶಗಳ) ಯಾವ ಪ್ರತಿಕ್ರಿಯೆಯೂ ಇಲ್ಲ. ಕ್ಷಯಿಸುತ್ತಿರುವ ನರಕೋಶಗಳನ್ನು ಆರಿಸಿ ಬೆಳಗಿಸುವ ಫ್ಲೂರೊ-ಜೇಡ್ ಬಣ್ಣದ ಒಂದು ಜೋಡಿ ಛೇದವನ್ನು ಕೊಟ್ಟಿದ್ದರೆ ಅನುಮಾನ ಬಹುಮಟ್ಟಿಗೆ ತೀರುತ್ತಿತ್ತು. ಕೊಟ್ಟಿರುವುದು ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಸಾಮಾನ್ಯ ಬಣ್ಣಗಳ ಛೇದ ಮಾತ್ರ.

ಛೇದಗಳು ತೆಳುವಾಗಿ, ಮಡಿಕೆಗಳಿಲ್ಲದೆ ಬಂದಿವೆ, ಬಣ್ಣಗಳೂ ಸಮವಾಗಿವೆ. ಮೊದಲ ವಿಭಾಗವನ್ನು ಪ್ರತ್ಯೇಕವಾಗಿ ಮಾರುವುದಾದರೆ ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಇಡೀ ಪೆಟ್ಟಿಗೆಯನ್ನೇ ಕೊಳ್ಳುವವರು ವಿಷದ ಪ್ರಮಾಣ, ಅಂಗಾಂಶ ತೆಗೆದ ದಿನ, ಛೇದದ ಮಟ್ಟ ಈ ಮೂರನ್ನೂ ತಯಾರಕರಿಂದ ಲಿಖಿತವಾಗಿ ಕೇಳಿ ಪಡೆದ ಮೇಲೆಯೇ ಹಣ ಕೊಡುವುದು ಒಳಿತು.