ಬೆಳಗಾವಿ ಕ್ಯಾಂಪಿನ ಹಳೇ ರೆಕಾರ್ಡ್ ಅಂಗಡಿ: ರಾಕ್ ಕೊಳ್ಳುವವರು ನೋಡಬೇಕಾದ್ದು

ಈ ಅಂಗಡಿಯಲ್ಲಿ ಹಿಂದಿ, ಮರಾಠಿ, ಶಾಸ್ತ್ರೀಯ ಸಂಗೀತದ್ದೇ ದೊಡ್ಡ ರಾಶಿ. ರಾಕ್ ಇರುವುದು ಎಡಗೋಡೆಗುಂಟ ಎರಡು ಸಾಲು ಮಾತ್ರ. ಆದರೆ ಆ ಎರಡು ಸಾಲು ಜೋಡಿಸಿರುವ ರೀತಿಗಾಗಿಯೇ ಇಲ್ಲಿಗೆ ಹೋಗಬೇಕು. ಮಾಲಕರು ಒಂದೊಂದು ಬ್ಯಾಂಡಿಗೆ ಒಂದೊಂದು ಖಾನೆ ಮಾಡಿ, ಅದರೊಳಗೆ ವರ್ಷದ ಪ್ರಕಾರ ಇಟ್ಟಿದ್ದಾರೆ. ಗ್ರೇಟೆಸ್ಟ್ ಹಿಟ್ಸ್ ಸಂಕಲನಗಳೆಲ್ಲ ಬಾಗಿಲ ಬಳಿಯ ಡಬ್ಬಿಯಲ್ಲಿ, ಕಡಿಮೆ ದರಕ್ಕೆ.

ಇದು ತಿಳಿದವರ ಕೆಲಸ. ಯಾರು ಬಂದರು, ಯಾರು ಹೋದರು, ಹೋದಮೇಲೆ ಬ್ಯಾಂಡ್ ಏನಾಯಿತು ಎನ್ನುವುದು ಸಂಕಲನದಲ್ಲಿ ಗೊತ್ತಾಗುವುದಿಲ್ಲ. ಜೆನೆಸಿಸ್ ಬ್ಯಾಂಡಿನ ಖಾನೆಯನ್ನೇ ತೆಗೆದುಕೊಳ್ಳಿ. 1974ರ ಎರಡು ತಟ್ಟೆಯ ರೆಕಾರ್ಡಿನಲ್ಲಿ ಹಾಡಿದವರು ಪೀಟರ್ ಗೇಬ್ರಿಯಲ್. 1975ರಲ್ಲಿ ಅವರು ಬಿಟ್ಟರು. 1976ರ ರೆಕಾರ್ಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಅವರೇ ಮುಖ್ಯ ಗಾಯಕ. ಎಸಿ/ಡಿಸಿ ಬ್ಯಾಂಡಿನ ಗಾಯಕ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ಜುಲೈಗೆ ಬ್ರಯಾನ್ ಜಾನ್ಸನ್ ದನಿಯಲ್ಲಿ ಬ್ಯಾಕ್ ಇನ್ ಬ್ಲ್ಯಾಕ್ ರೆಕಾರ್ಡ್ ಬಂತು, ಸ್ಕಾಟ್ ನೆನಪಿಗೆ ಹೊದಿಕೆಯೆಲ್ಲ ಕಪ್ಪು. ಇಂಥ ಜೋಡಿಗಳನ್ನು ಒಟ್ಟಿಗೇ ಕೊಳ್ಳಿ, ಒಂದರ ಬೆನ್ನಿಗೊಂದು ಹಾಕಿ ಕೇಳಿ.

ಎಲ್ಲಕ್ಕಿಂತ ತುಂಬಿರುವುದು ಕ್ವೀನ್ ಖಾನೆ. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಓದಿದ್ದು ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಪುಣೆ ರಸ್ತೆ ಹಿಡಿದು ವಾಯಿ ದಾಟಿದರೆ ಸಿಗುವ ಊರು, ನಮಗೇನೂ ದೂರವಲ್ಲ. 1975ರ ಎ ನೈಟ್ ಅಟ್ ದಿ ಆಪೆರಾ ಹೊದಿಕೆಯನ್ನು ಕೈಗೆತ್ತಿಕೊಂಡು ಸಣ್ಣಕ್ಷರ ಓದಿ: ಸಿಂಥಸೈಜರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ಬಳಸಿಲ್ಲ ಎಂದು ಅಚ್ಚು ಹಾಕಿಸಿದ್ದಾರೆ. ಅಷ್ಟೆಲ್ಲ ದನಿ ಹುಟ್ಟಿದ್ದು ಗಿಟಾರಿನಿಂದ, ಪದರ ಪದರವಾಗಿ ಹಾಡಿದ ಕಂಠಗಳಿಂದ. 1980ರ ದಿ ಗೇಮ್‌ನಲ್ಲಿ ಮೊದಲ ಸಲ ಸಿಂಥಸೈಜರ್ ಬಂತು. ಎರಡೂ ಹೊದಿಕೆ ಪಕ್ಕಪಕ್ಕ ಇಟ್ಟರೆ ಬ್ಯಾಂಡ್ ಯಾವಾಗ ಹೊರಳಿತು ಎಂದು ಕಣ್ಣಿಗೇ ಕಾಣುತ್ತದೆ.

ಸಂಕಲನಕ್ಕೆ ಇನ್ನೊಂದು ಕೊರತೆಯಿದೆ. 12 ಇಂಚಿನ ರೆಕಾರ್ಡಿನ ಒಂದು ಬದಿಗೆ ಸುಮಾರು 22 ನಿಮಿಷ ಹಿತವಾಗಿ ಹಿಡಿಯುತ್ತದೆ. ಕ್ವೀನ್‌ನ 1981ರ ಬ್ರಿಟಿಷ್ ಗ್ರೇಟೆಸ್ಟ್ ಹಿಟ್ಸ್‌ನಲ್ಲಿ 17 ಹಾಡು, ಬದಿಗೆ ಹತ್ತಿರ ಹತ್ತಿರ 29 ನಿಮಿಷ. ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುವುದರಿಂದ ದನಿ ಸಣ್ಣದಾಗುತ್ತದೆ, ವಾಲ್ಯೂಮ್ ಏರಿಸಿದರೆ ಸರಸರ ಸದ್ದೂ ಏರುತ್ತದೆ.

ಈಗ ಮಾಲಿನ ಸ್ಥಿತಿ. ಇಲ್ಲಿ ರೆಕಾರ್ಡ್ ತೊಳೆದು ಮಾರುವುದಿಲ್ಲ. ಕೊಳ್ಳುವ ಮುಂಚೆ ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗೀರಿನ ಮೇಲೆ ಉಗುರು ಮೆಲ್ಲಗೆ ಆಡಿಸಿ. ತಡೆದರೆ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಪ್ರತಿ 1.8 ಸೆಕೆಂಡಿಗೊಮ್ಮೆ ಟಕ್ ಎನ್ನುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಹೊಳಪು ಸತ್ತು ಬೂದಿ ಬಣ್ಣಕ್ಕೆ ತಿರುಗಿದ್ದರೆ ಹಳೇ ರೇಡಿಯೋಗ್ರಾಮಿನ (ರೇಡಿಯೋ, ಪ್ಲೇಯರ್ ಕೂಡಿದ ಪೆಟ್ಟಿಗೆ) ಭಾರದ ಮುಳ್ಳು ತಿಂದಿದೆ ಎಂದೇ ಅರ್ಥ, ಬಿಟ್ಟುಬಿಡಿ. ಸವೆತ ಮೊದಲು ಕೇಳಿಸುವುದು ಒಳಗಿನ ಗೆರೆಗಳಲ್ಲಿ. ಹಾಗಾಗಿ ಪ್ರತಿ ಬದಿಯ ಕೊನೇ ಹಾಡು ಹಾಕಿಸಿ. ಲೆಡ್ ಜೆಪೆಲಿನ್‌ನ 1971ರ ನಾಲ್ಕನೇ ರೆಕಾರ್ಡಿನಲ್ಲಿ ಸ್ಟೇರ್‌ವೇ ಟು ಹೆವನ್ ಇರುವುದು ಅಲ್ಲೇ, ಮೊದಲ ಬದಿಯ ತುದಿಯಲ್ಲಿ.

“ಮೊದಲ ಕೇಳ್ರಿ, ಆಮ್ಯಾಲೆ ರೊಕ್ಕದ ಮಾತು” ಎನ್ನುತ್ತಾರೆ ಮಾಲಕರು. ಮಾತು ಚೊಕ್ಕ, ಪ್ಲೇಯರ್ ಮಾತ್ರ ಚೊಕ್ಕವಿಲ್ಲ. ಮುಳ್ಳು ಸವೆದಿದೆ, ಸ, ಶ ಅಕ್ಷರಗಳು ಒಡೆದು ಕೇಳುತ್ತವೆ. ದುಬಾರಿ ಪ್ರತಿಯನ್ನು ಅದರ ಮೇಲೆ ಪೂರ್ತಿ ಓಡಿಸಬೇಡಿ, ಅರ್ಧ ನಿಮಿಷ ಸಾಕು. ಮುಳ್ಳು ಬದಲಿಸುವುದು ಅಂಗಡಿಯ ಮೊದಲ ಕೆಲಸವಾಗಬೇಕು.

ಕೆಳಗಿನ ಸಾಲು ನೆಲಕ್ಕೇ ತಾಗಿದೆ. ಬೆಳಗಾವಿಯ ಮಳೆಗಾಲಕ್ಕೆ ಅದು ಆಗಿಬರುವುದಿಲ್ಲ, ಹೊದಿಕೆಗಳ ಕೆಳಅಂಚಿಗೆ ಬೂಷ್ಟು ಹಿಡಿದಿದೆ. ಅಂಥದ್ದನ್ನು ಕೊಂಡರೆ ಒಳಗಿನ ಕಾಗದದ ಚೀಲ ಎಸೆದು ಹೊಸದು ಹಾಕಿ. ರೆಕಾರ್ಡನ್ನು ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಮೆತ್ತನೆ ಬಟ್ಟೆಯಿಂದ ಗೆರೆ ಹೋದ ದಿಕ್ಕಿಗೇ ಒರೆಸಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ. ನಡುವಿನ ಲೇಬಲ್ ನೆನೆಯಬಾರದು.

ದರ ನ್ಯಾಯವಾಗಿದೆ. ಕೋಲ್ಕತ್ತದ ಡಂ ಡಂ ಕಾರ್ಖಾನೆಯಲ್ಲಿ ಅಚ್ಚಾದ ಪ್ರತಿಗಳು ವಿದೇಶಿ ಪ್ರತಿಗಳ ಅರ್ಧ ಬೆಲೆಗೆ ಸಿಗುತ್ತವೆ, ಚೆನ್ನಾಗಿದ್ದರೆ ಕೇಳಲು ಧಾರಾಳ ಸಾಕು. ಪಿಂಕ್ ಫ್ಲಾಯ್ಡ್‌ನ 1973ರ ದಿ ಡಾರ್ಕ್ ಸೈಡ್ ಆಫ್ ದಿ ಮೂನ್ ರೆಕಾರ್ಡಿನ ಮೊದಲ ಬ್ರಿಟಿಷ್ ಪ್ರತಿಯೆಂದು ಹೆಚ್ಚು ಕೇಳಿದರೆ, ಒಳಗೆ ಎರಡು ಪೋಸ್ಟರ್, ಎರಡು ಸ್ಟಿಕ್ಕರ್ ಇವೆಯೇ ನೋಡಿ. ಇಲ್ಲದಿದ್ದರೆ ಚೌಕಾಸಿಗೆ ಜಾಗವಿದೆ, ಮಾಲಕರೂ ಒಪ್ಪುತ್ತಾರೆ.