ಪ್ರಾಜೆಕ್ಟ್ ಆಯ್ಲರ್: ಪುಕ್ಕಟೆ ಗರಡಿಮನೆ, ನಾಲ್ಕು ಸ್ಟಾರ್

"ಕೋಡಿಂಗ್‌ಗೆ ಗಣಿತ ಯಾಕೆ ಸಾರ್?" ಅಂತ ಟೀಮಿಗೆ ಹೊಸದಾಗಿ ಬಂದ ಹುಡುಗರು ಕೇಳಿದರೆ ನಾನು ವಾದಕ್ಕಿಳಿಯುವುದಿಲ್ಲ. ಪ್ರೋಗ್ರಾಮ್ ಬರೆದು ಬಿಡಿಸುವ ಗಣಿತದ ಲೆಕ್ಕಗಳಿರುವ ಪ್ರಾಜೆಕ್ಟ್ ಆಯ್ಲರ್ ಜಾಲತಾಣದ 15ನೇ ಲೆಕ್ಕ ಕೊಟ್ಟು ಕಾಫಿಗೆ ಹೋಗುತ್ತೇನೆ.

20×20 ಮನೆಗಳ ಚೌಕ. ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಹೋಗಬೇಕು. ಮನೆಗಳ ಗೆರೆಗಳ ಮೇಲೆ, ಬಲಕ್ಕೆ ಇಲ್ಲವೇ ಕೆಳಕ್ಕೆ ಮಾತ್ರ ನಡೆಯಬಹುದು. ಎಷ್ಟು ದಾರಿ? ಒಂದೊಂದನ್ನೇ ಎಣಿಸುವ ರಿಕರ್ಷನ್ (ತನ್ನನ್ನೇ ಮತ್ತೆ ಮತ್ತೆ ಕರೆಯುವ ಕೋಡ್) ಬರೆದವರ ಲ್ಯಾಪ್‌ಟಾಪ್ ಫ್ಯಾನು ಬೊಬ್ಬೆ ಹೊಡೆಯುತ್ತದೆ, ಯಾಕೆಂದರೆ ಉತ್ತರ 13,784 ಕೋಟಿ ದಾಟುತ್ತದೆ. ಎಣಿಸಿದ್ದನ್ನು ನೆನಪಿಟ್ಟುಕೊಳ್ಳುವ ಡೈನಮಿಕ್ ಪ್ರೋಗ್ರಾಮಿಂಗ್ ಬಂದರೆ ಕ್ಷಣದ ಕೆಲಸ. ಶಾಲೆಯ ಕ್ರಮಯೋಜನೆ-ವಿಕಲ್ಪ ಪಾಠ ಮರೆತಿರದಿದ್ದರೆ ಅದೂ ಬೇಡ: ಒಟ್ಟು 40 ಹೆಜ್ಜೆಗಳಲ್ಲಿ ಕೆಳಗಿಳಿಯುವ 20ನ್ನು ಆರಿಸುವುದು, ಅಷ್ಟೇ. ಒಂದೇ ಸಾಲು.

ಈ ತಾಣ 2001ರಲ್ಲಿ ಶುರುವಾದದ್ದು. ಯಾವ ಭಾಷೆಯಲ್ಲಾದರೂ ಬರೆಯಿರಿ, ಅದು ಕೇಳುವುದು ಕೊನೆಯ ಸಂಖ್ಯೆ ಮಾತ್ರ. ಸಾಧಾರಣ ಕಂಪ್ಯೂಟರಿನಲ್ಲಿ ಒಂದು ನಿಮಿಷದೊಳಗೆ ಉತ್ತರ ಬರುವಂಥ ದಾರಿ ಇದ್ದೇ ಇರುತ್ತದೆ ಅನ್ನೋದು ಅವರ ಸೂತ್ರ.

ಕೊರತೆಯೂ ಅಲ್ಲೇ. ನಿಮ್ಮ ಕೋಡನ್ನು ಯಾರೂ ನೋಡುವುದಿಲ್ಲ. ವೇರಿಯಬಲ್‌ಗಳಿಗೆ ಎ, ಬಿ, ಸಿ ಅಂತ ಹೆಸರಿಟ್ಟರೂ ಹಸಿರು ಟಿಕ್ ಬೀಳುತ್ತದೆ. ಮುಂದೆ ಹೋದಂತೆ ಸಂಖ್ಯಾ ಸಿದ್ಧಾಂತದ (ನಂಬರ್ ಥಿಯರಿ) ಭಾರ ಜಾಸ್ತಿ. ನಾನು ಬರೆಯೋದು ಜಿಎಸ್‌ಟಿ ಬಿಲ್ಲಿಂಗ್ ಸಾಫ್ಟ್‌ವೇರ್. ಅಲ್ಲಿ ಅವಿಭಾಜ್ಯ ಸಂಖ್ಯೆಗಿಂತ, ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯನ್ನು ಕಂಪ್ಯೂಟರ್ ಅಂದಾಜಿನಲ್ಲಿ ಇಟ್ಟುಕೊಳ್ಳುವ ಬಗೆ) 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಯಾಕೆ ಬರುವುದಿಲ್ಲ ಅಂತ ತಿಳಿದಿರುವುದು ಹೆಚ್ಚು ಅನ್ನ ಹಾಕುತ್ತದೆ.

ಇಂಟರ್‌ವ್ಯೂ ತಯಾರಿಗಾದರೆ ಬೇರೆ ಕಡೆ ನೋಡಿ. ತಲೆಗೆ ಕಸರತ್ತು ಬೇಕಿದ್ದರೆ ಮೊದಲ ಐವತ್ತು ಲೆಕ್ಕ ಧಾರಾಳ ಸಾಕು.